ತಿದಿ ಒತ್ತಿದವಳು

ನಿಶಾ ಬೆಂಚಿನ ಮೇಲೆ ಕೂತು ಬೆರಳಿಟ್ಟಳೋ ಇಲ್ಲವೋ, ಕರೆಂಟು ಹೋಯಿತು. ಫ್ಯಾನುಗಳ ಜೊತೆಗೆ ಪೈಪ್ ಆರ್ಗನ್ನಿಗೆ ಗಾಳಿ ತುಂಬುವ ಮೋಟಾರೂ ನಿಂತು, ತಿರುವನಂತಪುರದ ಆ ಹಳೇ ಚರ್ಚಿನಲ್ಲಿ ಅವಳ ಮೊದಲ ಸ್ವರ ಆಕಳಿಸಿ ಸತ್ತಿತು. ದೇವರು ಕೊನೆಗೂ ತನ್ನ ಕಡೆ ನೋಡಿದ ಎಂದುಕೊಂಡಳು ಮುಂದಿನ ಸಾಲಿನಲ್ಲಿದ್ದ ಜೀವಿತಾ.

ಒಂದು ಟ್ರಸ್ಟು ವರ್ಷಕ್ಕೊಬ್ಬರಂತೆ ಎಳೆಯ ಆರ್ಗನ್ ವಾದಕರನ್ನು ತನ್ನ ಖರ್ಚಿನಲ್ಲಿ ಇಂಗ್ಲೆಂಡಿಗೆ ಕಲಿಯಲು ಕಳಿಸುತ್ತಿತ್ತು. ಈ ಸಲ ಕೊನೆಗೆ ಉಳಿದವರು ಇವರಿಬ್ಬರೇ. ವಯಸ್ಸಿನ ಮಿತಿಯಿಂದಾಗಿ ಜೀವಿತಾಳಿಗೆ ಇದೇ ಕಡೆಯ ಅವಕಾಶ. ಮೊದಲ ಸುತ್ತಿನಲ್ಲಿ ಅವಳೇ ಮುಂದಿದ್ದಳು, ಈಗಷ್ಟೇ ಒಂದು ತಪ್ಪೂ ಇಲ್ಲದೆ ನುಡಿಸಿ ಬಂದಿದ್ದಳು.

ನಿಶಾ ಎರ್ನಾಕುಲಂನಲ್ಲಿ ಜೀವಿತಾಳ ಪಕ್ಕದ ಫ್ಲ್ಯಾಟಿನ ಅಚ್ಯುತ ರಾಯರ ಮಗಳು. ಭಜನೆ ಮನೆಯ ಹುಡುಗಿ. ಜೀವಿತಾಳ ಮನೆಯ ಹಾಲ್‌ನಲ್ಲಿ, ಜೀವಿತಾಳ ಕೀಬೋರ್ಡಿನ ಮೇಲೆ, ಜೀವಿತಾಳ ಅಮ್ಮ ಕರಿದ ಚಕ್ಕುಲಿ ತಿನ್ನುತ್ತ, ಜೀವಿತಾಳಿಂದಲೇ ಕಲಿತವಳು. ಅವಳು ನುಡಿಸುವುದನ್ನು ಹೋದ ವರ್ಷ ಒಂದು ದಿನ ಅಡುಗೆಮನೆಯಿಂದ ಕೇಳಿಸಿಕೊಂಡ ಜೀವಿತಾಳಿಗೆ, ಎಷ್ಟು ತಿಣುಕಿದರೂ ತನಗೆ ಹಾಗೆ ಬರುವುದಿಲ್ಲ ಎಂದು ಗೊತ್ತಾಗಿಹೋಯಿತು. ಅಂದು ಹತ್ತಿದ ಹೊಟ್ಟೆಯುರಿ ಆರಿರಲಿಲ್ಲ. ಗುರುವಿಗೇ ತಿರುಮಂತ್ರ ಎಂದು ತಮಾಷೆ ಮಾಡಿದವರ ಜೊತೆ ತಾನೂ ನಕ್ಕು, ಒಳಗೊಳಗೇ ಬೇಯುತ್ತಿದ್ದಳು.

"ನಾವು ಸಂಜೆಯ ವಿಮಾನ ಹಿಡೀಬೇಕು," ಎಂದರು ತೀರ್ಪುಗಾರರು ಇಂಗ್ಲಿಷಿನಲ್ಲಿ. "ಕರೆಂಟು ಬರದಿದ್ದರೆ ಮೊದಲ ಸುತ್ತನ್ನೇ ನೋಡಿ ತೀರ್ಮಾನಿಸ್ತೀವಿ. ಕೈಯಿಂದ ಗಾಳಿ ತುಂಬೋರು ಯಾರಾದರೂ ಇದ್ದಾರಾ?"

ಜೀವಿತಾ ನೆಲ ನೋಡಿದಳು. ಆರ್ಗನ್ನಿನ ಹಿಂದೆ ಕೈಯಿಂದ ಒತ್ತುವ ತಿದಿಯಿತ್ತು. ಇವರಿಬ್ಬರಂತೆ ಅಭ್ಯಾಸಕ್ಕೆ ಬರುತ್ತಿದ್ದವರು, ಕರೆಂಟು ಹೋದಾಗ ಒಬ್ಬರಿಗೊಬ್ಬರು ಒತ್ತಿಕೊಡುವುದು ಅಲ್ಲಿಯ ಪದ್ಧತಿ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಇಂಗ್ಲೆಂಡು ಅವಳದೇ.

"ಮೈ ಡಾಟರ್ ನೋಸ್, ಸರ್!" ಎಂದು ಅವಳ ಅಪ್ಪ ಜೋಸೆಫ್ ಹೆಮ್ಮೆಯಿಂದ ಎದ್ದು ನಿಂತೇಬಿಟ್ಟರು. ಕೊಳ್ಳೇಗಾಲದ ಮನುಷ್ಯ, ಬ್ಯಾಂಕಿನವರು, ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದು. "ಹೋಗವ್ವ, ಪಾಪ, ಆ ಮಗಾನೂ ನುಡಿಸ್ಲಿ."

ಹಿಂದಿನ ಕತ್ತಲೆಯಲ್ಲಿ ಜೀವಿತಾ ಮರದ ಹಿಡಿಯನ್ನು ಎತ್ತಿ ಒತ್ತತೊಡಗಿದಳು. ಗೋಡೆಯ ಮೇಲೆ ದಾರಕ್ಕೆ ಕಟ್ಟಿದ ಸೀಸದ ಗುಂಡು ಕೆಳಗಿಳಿಯಿತು. ತಿದಿ ತುಂಬಿದರೆ ಗುಂಡು ಕೆಳಗೆ, ಬರಿದಾದರೆ ಮೇಲೆ. ಮೇಲಿನ ಕೆಂಪು ಗೆರೆ ದಾಟಿತೆಂದರೆ ಸ್ವರ ಸಾಯುತ್ತದೆ. ನಿಶಾ ಶುರು ಮಾಡಿದಳು. ಅಷ್ಟು ಚೆನ್ನಾಗಿ ನುಡಿಸಬಾರದಿತ್ತು ಅವಳು. ತನ್ನ ತೋಳಿನ ಗಾಳಿಯಲ್ಲೇ ಹಾಗೆ ನುಡಿಸುತ್ತಿದ್ದಾಳಲ್ಲ ಎಂದು ಜೀವಿತಾಳಿಗೆ ಅಳು ಬಂತು.

ಕೊನೆಯ ಭಾಗ ಬಂತು. ಕೊಳವೆಗಳ ಸಾಲುಗಳನ್ನು ತೆರೆಯುವ ಗುಂಡಿಗಳನ್ನೆಲ್ಲ ಎಳೆದು, ಎಲ್ಲ ಕೊಳವೆಗಳೂ ಒಟ್ಟಿಗೆ ಮೊಳಗಬೇಕಾದ ಜಾಗ. ಗಾಳಿ ಹೆಚ್ಚು ಬೇಕಾದದ್ದೇ ಆಗ. ಜೀವಿತಾ ಹಿಡಿ ಬಿಟ್ಟಳು.

ಗುಂಡು ಸರಸರನೆ ಮೇಲೇರಿತು. ಕೆಂಪು ಗೆರೆ ಮುಟ್ಟುವಷ್ಟರಲ್ಲಿ ನಿಶಾ ಇದ್ದ ಬದಿಯಲ್ಲಿ ಟಕ್, ಟಕ್ ಎಂದು ಗುಂಡಿಗಳು ಒಳಹೋದವು. ದಪ್ಪ ಸ್ವರಗಳು ಒಂದೊಂದೇ ಸರಿದು, ಒಂದು ತೆಳ್ಳನೆಯ ಕೊಳಲು ಉಳಿಯಿತು. ಮಿಕ್ಕ ಚೂರು ಗಾಳಿಯಲ್ಲಿ ಅದು ಹಾಡು ಮುಗಿಸಿತು. ಗಾಳಿ ಕಡಿಮೆಯಾದರೆ ದೊಡ್ಡದನ್ನೆಲ್ಲ ಬಿಟ್ಟು ಒಂದನ್ನು ಉಳಿಸಿಕೋ ಎಂದು ಹೇಳಿಕೊಟ್ಟವಳು ಜೀವಿತಾಳೇ. ತಾನು ಮಾತ್ರ ಆ ಧೈರ್ಯ ಒಮ್ಮೆಯೂ ಮಾಡಿರಲಿಲ್ಲ.

ಮುಂದಿನ ಸಾಲಿನಲ್ಲಿ ಯಾರೋ ದೀರ್ಘವಾಗಿ ಉಸಿರುಬಿಟ್ಟರು. ಇಂಗ್ಲೆಂಡಿಗೆ ಹೋಗುವವಳು ನಿಶಾಳೇ ಎಂದು ಜೀವಿತಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ನಿಶಾ ಹಿಂದಕ್ಕೆ ಓಡಿ ಬಂದಳು. "ಅಯ್ಯೋ ಚೇಚೀ, ಕೈ ನೋಕ್ಕಟ್ಟೆ!" ಅಕ್ಕಾ, ಕೈ ನೋಡೋಣ ಎಂದು ಎಂದಿನಂತೆ ಮಲಯಾಳದಲ್ಲೇ ಹೇಳುತ್ತ ಅವಳ ಎರಡೂ ಅಂಗೈ ಬಿಡಿಸಿ ನೋಡಿದಳು. ಬೊಕ್ಕೆಗಳೆದ್ದಿದ್ದವು. ಜೀವಿತಾ ಕೈ ಎಳೆದುಕೊಳ್ಳಲು ನೋಡಿದಳು. ಹುಡುಗಿ ಬಿಡಲಿಲ್ಲ, ಬಾಯಿಯ ಹತ್ತಿರ ಹಿಡಿದುಕೊಂಡು, ಮೆಲ್ಲಗೆ ಊದುತ್ತಲೇ ಇದ್ದಳು.