ಬೆರಳ ಕೆಳಗೆ ಬದಲಾದ ಪರದೆ

ಶಿಕಾರಿಪುರದ ಹೊರಗೆ ಮೆಕ್ಕೆಜೋಳ ಒಣಗಿಸುವ ಘಟಕವೊಂದಿದೆ. ಉಳವಿಯ ಸುಷ್ಮಿತಾ ಐಟಿಐ ಮುಗಿಸಿ, ಸೋದರತ್ತೆಯ ಮನೆಯಲ್ಲಿದ್ದುಕೊಂಡು ಅಲ್ಲಿ ಆಪರೇಟರ್ ಕೆಲಸಕ್ಕೆ ಸೇರಿದ್ದಳು. ಎತ್ತರದ ಡ್ರೈಯರ್, ಅದರ ಪಕ್ಕ ಕಾಳು ಬಿಡಿಸಿದ ಜೋಳದ ಬೆಂಡು ಉರಿಸುವ ದೊಡ್ಡ ಒಲೆ, ಒಲೆಯ ಬಿಸಿಗಾಳಿಯನ್ನು ಕಾಳಿನೊಳಗೆ ನುಗ್ಗಿಸುವ ಫ್ಯಾನ್. ಎಲ್ಲವೂ ಒಂದು ಟಚ್ ಪ್ಯಾನೆಲ್‌ನ ಹಿಡಿತದಲ್ಲಿ.

ಆ ಪ್ಯಾನೆಲ್ ಕಂಡರೆ ಅವಳಿಗೆ ಒಳಗೊಳಗೇ ಪುಕಪುಕ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಸಾಕು, ತಾನಾಗಿ ಲಾಗೌಟ್ ಆಗಿ ಮೊದಲ ಪುಟಕ್ಕೆ ಓಡಿಬಿಡುತ್ತಿತ್ತು. ಕಂಡಕಂಡವರು ಸೆಟ್ಟಿಂಗ್ ಕೆಡಿಸಬಾರದೆಂದು ಹಾಗೆ ಮಾಡಿಸಿದ್ದರು. ಮತ್ತೆ ಪಾಸ್‌ವರ್ಡ್ ಒತ್ತಿ, ಪುಟದಿಂದ ಪುಟಕ್ಕೆ ಹೋಗಿ, ಬೇಕಾದ ಜಾಗ ಹುಡುಕಬೇಕು.

ಅವತ್ತು ಮಧ್ಯಾಹ್ನ ಡ್ರೈಯರ್‌ನ ಬಿಸಿ ಏರತೊಡಗಿತು. ಸುಷ್ಮಿತಾ ಲಾಗಿನ್ ಆಗಿ ಬಿಸಿಗಾಳಿಯ ಪುಟ ತೆರೆದಳು. ಕಾಳು ನೋಡಲು ಘಟಕದ ಕೆಲಸಗಾರ ಉಚ್ಚಂಗಪ್ಪ ಡ್ರೈಯರ್ ಮೇಲೆ ಹತ್ತಿದ್ದ. ಅವಳು ಪ್ಯಾನೆಲ್ ಕೋಣೆಯ ಕಿಟಕಿಗೆ ಹೋಗಿ ಕೂಗಿದಳು.

"ಉಚ್ಚಂಗಪ್ಪಣ್ಣ, ಕಾಳು ಹೆಂಗೈತಿ?"

"ಕೈಗೆ ಸುಡಾಕತ್ತೈತಿ ತಂಗಿ. ಒಂಚೂರು ಕಡಿಮೆ ಮಾಡು!"

ಅವಳು ಓಡಿಬಂದು ಬಲಮೂಲೆಯ "ಕಡಿಮೆ" ಗುಂಡಿಗೆ ಬೆರಳು ಚಾಚಿದಳು. ಬೆರಳು ತಾಗುವ ಕ್ಷಣಕ್ಕೆ ಸರಿಯಾಗಿ ಪ್ಯಾನೆಲ್ ಲಾಗೌಟ್ ಆಗಿ, ಪರದೆ ಮಿನುಗಿ ಬದಲಾಯಿತು. ಮೊದಲ ಪುಟದಲ್ಲಿ ಅದೇ ಮೂಲೆಯಲ್ಲಿದ್ದದ್ದು "ಫ್ಯಾನ್ ನಿಲ್ಲಿಸು".

ಫ್ಯಾನಿನ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತೇಹೋಯಿತು.

ನಿಲ್ಲಿಸಲು ಪಾಸ್‌ವರ್ಡ್ ಬೇಡ, ಚಾಲೂ ಮಾಡಲು ಬೇಕು. ಒಲೆಯ ಬೆಂಡು ಧಗಧಗ ಉರಿಯುತ್ತಲೇ ಇತ್ತು. ಗಾಳಿಯಿಲ್ಲದೆ ಆ ಬಿಸಿಯೆಲ್ಲ ಕೆಳಗಿನ ಕಾಳಿನಲ್ಲೇ ತುಂಬಿಕೊಳ್ಳುತ್ತಿತ್ತು. ಮೇಲೆ ಮನುಷ್ಯನಿದ್ದಾನೆ.

"ಅಣ್ಣಾ, ಇಳೀರಿ! ಬೇಗ ಇಳೀರಿ!"

ಅವಳು ಪಾಸ್‌ವರ್ಡ್ ಒತ್ತಿದಳು. ತಪ್ಪು. ಮತ್ತೆ ಒತ್ತಿದಳು. ಬೆವರಿದ ಬೆರಳು ಪಕ್ಕದ ಅಕ್ಷರಕ್ಕೆ ತಾಗಿತು. ಇನ್ನೊಮ್ಮೆ ತಪ್ಪಿದರೆ ಪ್ಯಾನೆಲ್ ಬೀಗ ಹಾಕಿಕೊಳ್ಳುತ್ತದೆಂದು ಪರದೆ ಎಚ್ಚರಿಸಿತು. ಕಾಳು ಸೀದ ವಾಸನೆ ಮೂಗಿಗೆ ಬಡಿಯಿತು. ಹೊರಗೆ ಏಣಿಯ ಮೇಲೆ ಉಚ್ಚಂಗಪ್ಪ ಹೊಗೆಗೆ ಕೆಮ್ಮುತ್ತಿದ್ದ.

ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡಳು. ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಒತ್ತಿದಳು. ತೆರೆಯಿತು. ಮೆನು, ಯಂತ್ರಗಳು, ಫ್ಯಾನ್, ಚಾಲೂ.

ಫ್ಯಾನ್ ಗೊರಗೊರ ಅಂದು ತಿರುಗಿತು. ಆಮೇಲೆ ಬಿಸಿಗಾಳಿ ತಗ್ಗಿಸಿ ಹೊರಗೋಡಿದಳು. ಉಚ್ಚಂಗಪ್ಪ ಏಣಿಯ ಬುಡದಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ.

"ಏನಾತವ್ವಾ?"

ಅವಳು ನೀರು ತಂದುಕೊಟ್ಟಳು.

ಸೂಪರ್‌ವೈಸರ್ ಶಿವಮೂರ್ತಪ್ಪ ತೂಕದ ಕಟ್ಟೆಯಿಂದ ಧಾವಿಸಿ ಬಂದರು. "ಯಾರ್ರೀ ಫ್ಯಾನ್ ನಿಲ್ಸಿದ್ದು?"

"ನಾನೇ ಸರ್. ಆದ್ರೆ ನಾನು ಒತ್ತಿದ್ದು ಅದನ್ನಲ್ಲ."

"ನೋಡಿ ಒತ್ತಬೇಕಮ್ಮ! ಮನುಷ್ಯ ಸಾಯ್ತಿದ್ನಲ್ಲ!"

"ನೋಡೇ ಒತ್ತಿದೆ ಸರ್. ಒತ್ತೋ ಹೊತ್ತಿಗೆ ಪುಟ ಬದಲಾಯ್ತು. ನೀವೇ ನಿಂತು ನೋಡಿ."

ಅವರು ಗೊಣಗುತ್ತಲೇ ಅದೇ ಪುಟ ತೆರೆಸಿ, "ಕಡಿಮೆ" ಗುಂಡಿಯ ಮೇಲೆ ಬೆರಳು ತಾಗದಂತೆ ಹಿಡಿದು ಕಾದರು. ಪರದೆ ಮಿನುಗಿತು. ಬೆರಳಿನಡಿ "ಫ್ಯಾನ್ ನಿಲ್ಲಿಸು" ಬಂದು ಕೂತಿತು. ಶಿವಮೂರ್ತಪ್ಪ ಕೈಯನ್ನು ಸರಕ್ಕನೆ ಹಿಂದೆಳೆದುಕೊಂಡರು. ಆಮೇಲೆ ಬೈಯಲಿಲ್ಲ. ಒಲೆಯ ಬೆಂಕಿ ಆರಿಸಲು ಹೇಳಿ, ಪ್ಯಾನೆಲ್ ಮಾಡಿಕೊಟ್ಟ ಎಂಜಿನಿಯರಿಗೆ ಫೋನ್ ಹಚ್ಚಿದರು.

ಎಂಜಿನಿಯರ್ ದಾವಣಗೆರೆಯಿಂದ ಬರುವವರೆಗೂ ಡ್ರೈಯರ್ ನಿಂತಿತ್ತು. ಅವರು ಬಂದು ಪ್ಯಾನೆಲ್ ಸರಿಪಡಿಸಿದರು; ಈಗ ಲಾಗೌಟ್ ಆಗುವ ಮುಂಚೆ ಅದು ಬೀಪ್ ಎಂದು ಕೂಗಿ ಎಚ್ಚರಿಸುತ್ತದೆ. ಫ್ಯಾನ್ ನಿಲ್ಲಿಸುವ ಗುಂಡಿ ಬೇರೆ ಮೂಲೆಗೆ ಹೋಗಿದೆ, ಮುಟ್ಟಿದರೆ "ಖಂಡಿತವೇ?" ಎಂದು ಕೇಳುತ್ತದೆ.

ಕೆಲಸ ಮತ್ತೆ ಶುರುವಾದ ದಿನ ಉಚ್ಚಂಗಪ್ಪ ಏಣಿಯ ಬುಡದಲ್ಲಿ ನಿಂತು ಕಿಟಕಿಯತ್ತ ನೋಡಿದ.

"ಹತ್ತಲೇನವ್ವಾ?"

"ಒಂದ್ನಿಮಿಷ ಅಣ್ಣ," ಎಂದಳು ಸುಷ್ಮಿತಾ. ಪರದೆಯನ್ನು ಮೇಲಿಂದ ಕೆಳಗೆ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಹತ್ತಬಹುದೆಂದು ಕಿಟಕಿಯಿಂದ ಕೈ ಎತ್ತಿ ಸನ್ನೆ ಮಾಡಿದಳು.