ಅಳತೆ ಕಡ್ಡಿ ಇಲ್ಲದ ಕಾರು

ಅಪ್ಪನ ಜರ್ಮನ್ ಕಾರು ನಾಲ್ಕನೇ ಸಲ ಗ್ಯಾರೇಜು ಸೇರಿದಾಗ ಅಮ್ಮ ದಿನವಿಡೀ ಯಾರ ಜೊತೆಗೂ ಮಾತಾಡಿರಲಿಲ್ಲ. ಐದನೇ ಸಲಕ್ಕೆ ತಾನೂ ಬರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟಳು. ಮಗಳು ಪುಟ್ಟಿ ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿ ಹಿಂದೆಯೇ ನಡೆದಳು. ಇವರಿಬ್ಬರ ನಡುವೆ ಯಾರಾದರೂ ಇರಬೇಕಿತ್ತು.

ಮೂವತ್ತು ವರ್ಷ ಲಾರಿ ಓಡಿಸಿದ ಅಪ್ಪ ತನಗೆಂದು ಕೊಂಡದ್ದು ಇದೊಂದನ್ನೇ. ಮೂರು ಕೈ ದಾಟಿ ಬಂದ ಕಪ್ಪು ಕಾರು, ನೆಲಕ್ಕೆ ಅಂಟಿಕೊಂಡಂಥ ಮೈ, ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸಾಕು ಬೆನ್ನನ್ನು ಸೀಟಿಗೆ ಒತ್ತುವ ಎಂಜಿನ್ನು. ಇಂಥವು ತನ್ನ ಲಾರಿಯನ್ನು ಹಿಂದೆ ಹಾಕಿ ಹೋಗುವುದನ್ನು ಅವನು ಮೂವತ್ತು ವರ್ಷ ನೋಡಿದ್ದ. ಆದರೆ ಮನೆಗೆ ಬಂದ ಒಂದೂವರೆ ವರ್ಷದಲ್ಲಿ ಅದು ರಸ್ತೆಯಲ್ಲಿ ಇದ್ದದ್ದಕ್ಕಿಂತ ಗ್ಯಾರೇಜಿನಲ್ಲಿ ಇದ್ದದ್ದೇ ಹೆಚ್ಚು.

ಮೆಕ್ಯಾನಿಕ್ ಒಂದು ಕಾಲದಲ್ಲಿ ಅಪ್ಪನ ಲಾರಿಯಲ್ಲೇ ಕ್ಲೀನರ್ ಆಗಿದ್ದವನು. ತಲೆ ನೆರೆತು ಸ್ವಂತ ಗ್ಯಾರೇಜು ಆದಮೇಲೂ ಅಪ್ಪನನ್ನು ಗುರುಗಳೇ ಎಂದೇ ಕರೆಯುತ್ತಿದ್ದ.

“ಗುರುಗಳೇ, ನನ್ನ ಕೈಲಾಗೋದೆಲ್ಲ ಆಯ್ತು,” ಎಂದ. “ಹೊಗೆ ಅಂದ್ರಿ, ವಾಲ್ವ್ ಹಾಕ್ದೆ. ಸೋರ್ತಿದೆ ಅಂದ್ರಿ, ಗ್ಯಾಸ್ಕೆಟ್ ಹಾಕ್ದೆ. ಹಳದಿ ಲೈಟು ಅಂದ್ರಿ, ಸೆನ್ಸರೂ ಹೊಸದು. ಹೋಗೋವಾಗ ಚೆನ್ನಾಗೇ ಹೋಗತ್ತೆ, ಎರಡು ತಿಂಗಳಿಗೆ ಮತ್ತೆ ಅದೇ ರಾಗ. ಇನ್ನು ಎಂಜಿನ್ನೇ ಬಿಚ್ಚಬೇಕು. ಬಿಚ್ಚಿದ್ಮೇಲೆ ಪಾರ್ಟು ಸಿಗತ್ತೆ ಅಂತ ನಾನು ಹೇಳಲ್ಲ.”

“ಬಿಚ್ಚಿ,” ಅಂದಳು ಅಮ್ಮ. “ಜೋಡಿಸೋ ತಂಟೆಗೆ ಹೋಗ್ಬೇಡಿ. ಹಾಗೇ ಗುಜರಿಯವನಿಗೆ ಕೊಟ್ಬಿಡಿ. ನಂಗೆ ಜ್ವರ ಬಂದಾಗ ಈ ಮನುಷ್ಯ ಇಷ್ಟು ಸಲ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿಲ್ಲ.”

“ಕಾರಿನ ತಪ್ಪಲ್ಲ ಕಣೇ. ಇವನಿಗೆ ಕೆಲಸ ಬರಲ್ಲ.”

ಮೆಕ್ಯಾನಿಕ್ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. “ಲಾರಿ ಸ್ಟ್ಯಾಂಡಲ್ಲೂ ಇದನ್ನೇ ಹೇಳ್ತೀರಂತೆ. ನಂಗೆ ಗಿರಾಕಿಗಳು ಬಂದು ಹೇಳ್ತಾರೆ. ಕೆಲಸ ಕಲಿಸಿದವರು ಅಂತ ಸುಮ್ನಿದೀನಿ ಗುರುಗಳೇ. ಇವತ್ತು ಒಂದು ತೀರ್ಮಾನ ಮಾಡಿ. ಬಿಚ್ಚಲೋ, ಗುಜರಿಗೋ?”

ಅಪ್ಪ ಕಾರಿನ ಮೇಲೆ ಅಂಗೈ ಇಟ್ಟು, ಇಲ್ಲದ ಧೂಳನ್ನು ಒರೆಸಿದ. ಆಮೇಲೆ ಯಾರ ಮುಖವನ್ನೂ ನೋಡದೆ, “ಗುಜರಿಯವನನ್ನೇ ಕರೆಸು,” ಎಂದ. ಅಪ್ಪನ ದನಿ ಅಷ್ಟು ಸಣ್ಣಗಾದದ್ದನ್ನು ಪುಟ್ಟಿ ಹಿಂದೆಂದೂ ಕೇಳಿರಲಿಲ್ಲ.

“ನಂಗೆ ತಲೆ ಕೆಟ್ಟಿರೋದು ಆ ಹಳದಿ ಲೈಟಿಗೆ,” ಎಂದು ಮೆಕ್ಯಾನಿಕ್ ಫೋನು ಹುಡುಕುತ್ತ ಗೊಣಗಿದ. “ಆಯಿಲ್ ಜಾಸ್ತಿ ಆಗಿದೆ ಅಂತ ಬರತ್ತೆ. ಜಾಸ್ತಿ ಹೇಗಾಗತ್ತೆ? ಅಳೆದು ಹಾಕಿದವನು ನಾನೇ.”

ಪುಟ್ಟಿ ತಲೆಯೆತ್ತಿ ಅಪ್ಪನನ್ನು ನೋಡಿದಳು. ಭಾನುವಾರ ಬೆಳಿಗ್ಗೆ ಅವಳು ಹೊಲಿಗೆಗೆ ಕೂರುವ ಹೊತ್ತಿಗೆ ಅಪ್ಪ ಅಂಗಳದಲ್ಲಿ ಬಾನೆಟ್ ಎತ್ತಿರುತ್ತಿದ್ದ. ಲಾಳಿಕೆ ಒರೆಸಿ, ಮಗುವಿಗೆ ಔಷಧಿ ಕುಡಿಸುವವನ ಹಾಗೆ ಡಬ್ಬಿ ಬಗ್ಗಿಸುತ್ತಿದ್ದ. ಎಲ್ಲ ಕಾರಿಗೂ ಹಾಗೇ ಮಾಡುತ್ತಾರೇನೋ ಎಂದುಕೊಂಡಿದ್ದಳು. ಹೊರಗಿನವರ ಎದುರು ಅವಳ ನಾಲಿಗೆ ಏಳುತ್ತಿರಲಿಲ್ಲ. ರವಿಕೆಯ ಅಳತೆಯನ್ನೂ ಚೀಟಿಯಲ್ಲಿ ಬರೆದು ತೋರಿಸುವವಳು. ಈಗ ಚೀಟಿಯೂ ಇರಲಿಲ್ಲ, ಮೆಕ್ಯಾನಿಕ್ಕಿನ ಕೈಗೆ ಫೋನು ಸಿಕ್ಕಿತ್ತು.

“ಅಪ್ಪ ಹಾಕ್ತಾರೆ,” ಎಂದಳು.

ಯಾರಿಗೂ ಕೇಳಿಸಲಿಲ್ಲ. ಕಾರಿನ ಚಕ್ರವನ್ನೇ ನೋಡುತ್ತ ಇನ್ನೊಮ್ಮೆ ಹೇಳಿದಳು. “ಅಪ್ಪ ವಾರವಾರ ಆಯಿಲ್ ಹಾಕ್ತಾರೆ. ಸ್ವಲ್ಪ ಸ್ವಲ್ಪ.”

ಮೆಕ್ಯಾನಿಕ್ ಪಕ್ಕದಲ್ಲಿದ್ದ ಹಳೇ ಟೈರಿನ ಮೇಲೆ ಕುಳಿತುಬಿಟ್ಟ.

“ಗುರುಗಳೇ.”

“ಏನೀಗ?”

“ಬಾನೆಟ್ ಮುಟ್ಟಬೇಡಿ ಅಂತ ಕೈ ಮುಗಿದಿದ್ದೆ.”

“ಒಂದು ಲೋಟದಷ್ಟು ಹಾಕಿರ್ತೀನಿ. ಎಣ್ಣೆ ಡಬ್ಬಿ ಚಿತ್ರ ಹಾಕಿ ಲೈಟು ಹತ್ತಿಸಿದ್ರೆ ಎಣ್ಣೆ ಕೇಳ್ತಿದೆ ಅಂತ ತಾನೇ ಅರ್ಥ?”

“ಕೆಳಗೆ ಬರೆದಿರತ್ತಲ್ಲ?”

“ಅದನ್ನ ಓದೋಕೆ ಅವರ ಭಾಷೆ ನಂಗೆ ಬರಬೇಕಲ್ಲ. ಹೋಗ್ಲಿ, ಎಣ್ಣೆ ಎಷ್ಟಿದೆ ಅಂತ ಎಳೆದು ನೋಡೋಕೆ ಒಂದು ಅಳತೆ ಕಡ್ಡಿ ಇದೆಯೇನೋ ಈ ಕಾರಲ್ಲಿ? ದಿನಾ ಬೆಳಿಗ್ಗೆ ಕಡ್ಡಿ ಎಳೆದು ನೋಡ್ದೆ ನಾನು ಗಾಡಿ ಎತ್ತಿದವನಲ್ಲ. ನಿಂಗೂ ಮೊದಲು ಅದನ್ನೇ ಕಲಿಸಿದ್ದು. ಕಣ್ಣಿಗೆ ಕಾಣ್ದೇ ಇರೋ ಎಣ್ಣೆನ ಇದೆ ಅಂತ ಹೇಗಪ್ಪಾ ನಂಬ್ಲಿ?”

ಮೆಕ್ಯಾನಿಕ್ ಕಾರನ್ನು ಮೇಲೆತ್ತಿ, ಕೆಳಗಿನ ಬೋಲ್ಟು ಬಿಚ್ಚಿ, ಎಣ್ಣೆಯನ್ನು ಗೆರೆ ಹಾಕಿದ ಕ್ಯಾನಿಗೆ ಇಳಿಸಿದ. ಆರೂವರೆ ಲೀಟರು ಇರಬೇಕಾದ ಕಡೆ ಒಂಬತ್ತಕ್ಕೆ ಸ್ವಲ್ಪ ಕಡಿಮೆ ಬಂತು. ಅಪ್ಪ ಬಗ್ಗಿ ಗೆರೆಯನ್ನು ನೋಡಿದ. ಕ್ಯಾನನ್ನು ಅಲುಗಾಡಿಸಿ ಮತ್ತೆ ನೋಡಿದ. ಅಳತೆಯ ಎಣ್ಣೆ ಹಾಕಿ ಎಂಜಿನ್ ಹಚ್ಚಿದಾಗ ಮೊದಲು ನೀಲಿ ಹೊಗೆ ಬಂತು, ಕಾಲು ಗಂಟೆಯಲ್ಲಿ ತೆಳುವಾಯಿತು, ಆಮೇಲೆ ನಿಂತಿತು.

“ಬಿಚ್ಚೋದು ಬೇಡ,” ಎಂದ ಮೆಕ್ಯಾನಿಕ್. “ಜಾಸ್ತಿ ಎಣ್ಣೆಗೇ ಈ ಹೊಗೆ, ಸೋರಿಕೆ ಎಲ್ಲ. ಸ್ಟ್ಯಾಂಡಲ್ಲಿ ಇದನ್ನೂ ಹೇಳ್ಬಿಡಿ ಗುರುಗಳೇ.”

“ಹೇಳ್ತೀನಿ ಬಿಡೋ,” ಎಂದ ಅಪ್ಪ ಪುಟ್ಟಿಯ ಕಡೆ ತಿರುಗಿದ. “ಮನೇಲೇ ಸಿಐಡಿ ಸಾಕಿದೀನಿ ಅಂತ ಗೊತ್ತಿರ್ಲಿಲ್ಲ.”

“ಮೊದಲೇ ಬೊಗಳೋಕೇನಾಗಿತ್ತೇ ನಿಂಗೆ?” ಅಂದಳು ಅಮ್ಮ.

“ಯಾರೂ ಕೇಳ್ಲಿಲ್ಲ.”

ಹೊರಡುವಾಗ ಅಪ್ಪ ಮುಂದಿನ ಬಾಗಿಲು ತೆಗೆದು ಪುಟ್ಟಿಯನ್ನು ಕೂರಿಸಿಕೊಂಡ. ಎಣ್ಣೆ ಎಷ್ಟಿದೆಯೆಂದು ತೋರಿಸುವ ಗುಂಡಿಯನ್ನು ಮೆಕ್ಯಾನಿಕ್ ಅವಳಿಗೆ ಹೇಳಿಕೊಟ್ಟಿದ್ದ. ಮೊದಲನೇ ಸಿಗ್ನಲ್ಲಿನಲ್ಲೇ ಅಪ್ಪ ಕೇಳಿದ. “ಏನ್ ಹೇಳತ್ತೆ?”

“ಸರಿ ಇದೆಯಂತೆ.”

“ಅಂತೆ ಕಂತೆ ಬೇಡ. ಇದೆಯೋ ಇಲ್ವೋ?”

“ಇದೆ ಅಪ್ಪ.”

ಎರಡನೇ ಸಿಗ್ನಲ್ಲಿನಲ್ಲಿ ಇನ್ನೊಮ್ಮೆ ನೋಡು ಅಂದ. ಸೇತುವೆ ದಾಟಿದ ಮೇಲೆ ಮತ್ತೊಮ್ಮೆ. ಆರನೇ ಸಲ ಕೇಳಿದಾಗ ಪುಟ್ಟಿ ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಅಮ್ಮ ಅಂದಳು, “ಇದೆ ಮಾರಾಯ್ರೇ, ಇದೆ. ರಸ್ತೆ ನೋಡ್ಕೊಂಡು ಓಡಿಸಿ.”