ಯಾವ ಸಾಲು ಅಂತ ಹೇಳಿ

ಕಣ್ಣು ಕಾಣದವರಿಗೆ ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ ಅದು. ಯಾರೊಬ್ಬರ ಸ್ವತ್ತೂ ಅಲ್ಲ. ಎಲ್ಲೆಲ್ಲೋ ಕೂತವರು ಬಿಡುವಾದಾಗ ಕೈಹಚ್ಚಿ ಬೆಳೆಸಿದ್ದು. ಅದರ ಉಸ್ತುವಾರಿ ಹೊತ್ತವಳನ್ನು ತಂಡದವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಅವಳ ಅತ್ತೆ ದಿನವಿಡೀ ಅದನ್ನೇ ಬಳಸುತ್ತಿದ್ದರು, ದಿನವಿಡೀ ಅದನ್ನೇ ಬೈಯುತ್ತಿದ್ದರು.

“ನಿನ್ನ ಯಂತ್ರಕ್ಕೆ ತಲೆ ಕೆಟ್ಟಿದೆ ಕಣೇ. ಫೋನ್ ನಂಬರ್ ಓದು ಅಂದ್ರೆ ಕೋಟಿ, ಲಕ್ಷ ಅಂತ ಲೆಕ್ಕ ಒಪ್ಪಿಸುತ್ತೆ!”

ಆ ವಾರವೇ ‘ಗುಬ್ಬಿ’ ಎಂಬ ಹೆಸರಿನ ಹೊಸಬಳೊಬ್ಬಳು ಅದಕ್ಕೆ ಮದ್ದು ಬರೆದು ಕಳಿಸಿದಳು. ಅಕ್ಕ ನೋಡುವ ಮೊದಲೇ, ತಂಡದ ಹಿರಿಯರಾದ ಮೇಷ್ಟ್ರು ಎಲ್ಲರಿಗೂ ಕಾಣುವ ಪುಟದಲ್ಲಿ ಉತ್ತರ ಬಿಸಾಕಿದ್ದರು: “ಆಗಲ್ಲ. ತಿದ್ದಿ.” ಆಮೇಲೆ ಗುಬ್ಬಿಯ ಸದ್ದಿಲ್ಲ. ಹೀಗೆ ಬಂದು ಹಾಗೆ ಹೋದವರು ಹಿಂದೆಯೂ ಇದ್ದರು.

ಅಕ್ಕ ಫೋನೆತ್ತಿದಳು. “ಮೇಷ್ಟ್ರೇ, ಹೊಸಬಳು ಹಾರಿಹೋದ್ಲು ಅಂತ ಕಾಣುತ್ತೆ.”

“ತಪ್ಪಿತ್ತಮ್ಮ, ತಪ್ಪು ಅಂದೆ. ಬೆಣ್ಣೆ ಹಚ್ಚಬೇಕಿತ್ತಾ?”

“ಬೆಣ್ಣೆ ಬೇಡ. ಏನು ತಪ್ಪು ಅಂತ ಹೇಳಿ. ನಿಮ್ಮ ತಲೇಲಿರೋದು ಅವಳಿಗೆ ಹೇಗೆ ಗೊತ್ತಾಗ್ಬೇಕು? ಎಲ್ಲರ ಎದುರಿಗೆ ಅಂದಿದ್ದೀರಿ, ಎಲ್ಲರ ಎದುರಿಗೇ ಬಿಡಿಸಿ ಹೇಳಿ.”

ಮೇಷ್ಟ್ರು ಗೊಣಗಿದರು. ಆದರೂ ಸಂಜೆಯೊಳಗೆ ಪುಟದಲ್ಲಿ ಬರೆದರು: ನಂಬರಿನ ನಡುವೆ ಗೆರೆ ಬಂದರೆ ಕೋಡ್ ಮುಗ್ಗರಿಸುತ್ತದೆ, ಇಂಥ ಸಾಲಿನಲ್ಲಿ, ಇಂಥ ಕಾರಣಕ್ಕೆ. ಇದನ್ನು ತಾನು ಮೊದಲೇ ಹೇಳಬೇಕಿತ್ತು ಎಂದೂ ಸೇರಿಸಿದರು.

ಗುಬ್ಬಿಯ ಉತ್ತರ ತಕ್ಷಣ ಬಂತು. “ಅಯ್ಯೋ, ಬೇಜಾರೇನಿಲ್ಲ ಸರ್! ಯಾವ ಸಾಲು ಅಂತ ತಿಳೀದೆ ಎಲ್ಲಾ ಸಾಲನ್ನೂ ತಿದ್ದುತ್ತಾ ಕೂತಿದ್ದೆ. ಅರ್ಧ ಮುಗಿದಿತ್ತು. ಒಂದು ಮಾತು: ಗೆರೆ ಮಾತ್ರ ಅಲ್ಲ, ನಡುವೆ ಖಾಲಿ ಜಾಗ ಬಂದ್ರೂ ಮುಗ್ಗರಿಸುತ್ತೆ. ಆದ್ರೆ ಖಾಲಿ ಜಾಗಕ್ಕೆ ಮುಗ್ಗರಿಸೋ ಸಾಲು ನಂದಲ್ಲ, ಹಳೇದು. ನೀವು ಬರೆದಿದ್ದು.”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಹಾರಿಹೋಯಿತೆಂದುಕೊಂಡ ಗುಬ್ಬಿ ತೆಪ್ಪಗೆ ಗೂಡು ಕಟ್ಟುತ್ತಾ ಕೂತಿತ್ತು! ಮೇಷ್ಟ್ರು ಏನೆನ್ನುತ್ತಾರೋ ಎಂದು ಪುಟವನ್ನೇ ನೋಡುತ್ತಿದ್ದಳು. ಅವರು ತಾವೇ ಪರೀಕ್ಷಿಸಿ, “ಹೌದು, ನನ್ನದೇ ತಪ್ಪು” ಎಂದು ಬರೆದರು. ಇಬ್ಬರೂ ತಮ್ಮ ತಮ್ಮ ಸಾಲು ತಿದ್ದಿದರು, ಅಕ್ಕ ಎರಡನ್ನೂ ತಂತ್ರಾಂಶಕ್ಕೆ ಸೇರಿಸಿದಳು.

ಮರುದಿನ ಮೇಷ್ಟ್ರದೇ ಫೋನು. “ಆ ಹುಡುಗಿ ಕಣ್ಣು ಚುರುಕಮ್ಮ. ನನ್ನ ಮುಂದಿನ ಕೆಲಸ ಅವಳ ಕೈಲೇ ಪರೀಕ್ಷೆ ಮಾಡಿಸೋಣ ಅಂತಿದ್ದೀನಿ. ಸ್ವಲ್ಪ ಕೇಳಿ ನೋಡ್ತೀಯಾ?”

“ನಾನ್ಯಾಕೆ? ನೀವೇ ಕೇಳಿ.”

ಅವರು ಕೇಳಿದರು. ಎಲ್ಲಿ ತಮಗೇ ಅನುಮಾನವಿದೆ ಎಂಬುದನ್ನೂ ಸೇರಿಸಿ, ಪುಟ ತುಂಬ ಬರೆದು ಕೇಳಿದರು.